ಮಾತ್ರೆ ಪುಡಿ ಮಾಡುವ ಮುನ್ನ

ಅತ್ತೆಗೆ ಸಕ್ಕರೆ ಕಾಯಿಲೆ. ದೊಡ್ಡ ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ನೀವು ಪುಡಿ ಮಾಡಿ, ನೀರಲ್ಲಿ ಕಲಸಿ ಕುಡಿಸುತ್ತೀರಾ? ಅಕ್ಕರೆಯಿಂದ ಮಾಡುವ ಕೆಲಸವೇ. ಆದರೆ ಸಹೋದರಿ, ಮೊದಲು ಸ್ಟ್ರಿಪ್ಪಿನ ಮೇಲೆ ಕಣ್ಣಾಡಿಸಿ. ಹೆಸರಿನ ಕೊನೆಗೆ ಎಸ್.ಆರ್., ಇ.ಆರ್. ಅಥವಾ ಎಕ್ಸ್.ಆರ್. ಎಂದಿದ್ದರೆ ಪುಡಿ ಮಾಡಬೇಡಿ.

ಹತ್ತಿಯಲ್ಲೂ ಮರದಲ್ಲೂ ಇರುವ ನಾರಿನಂಶವೇ ಸೆಲ್ಯುಲೋಸ್. 1838ರಲ್ಲಿ ಫ್ರಾನ್ಸಿನ ವಿಜ್ಞಾನಿ ಆನ್ಸೆಲ್ಮ್ ಪಾಯೆನ್ ಇದನ್ನು ಗುರುತಿಸಿದರು. ಇದನ್ನೇ ಮಾರ್ಪಡಿಸಿ ತಯಾರಿಸಿದ ಹೈಪ್ರೊಮೆಲೋಸ್ ಎಂಬ ಪುಡಿಯನ್ನು ಇಂತಹ ಅನೇಕ ಮಾತ್ರೆಗಳಲ್ಲಿ ಔಷಧಿಯೊಂದಿಗೆ ಬೆರೆಸಿ ಒತ್ತಿರುತ್ತಾರೆ. ಇಫ್ತಾರಿನ ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜ ನೆನೆದು ಉಬ್ಬುವುದನ್ನು ನೋಡಿದ್ದೀರಲ್ಲ? ಹೊಟ್ಟೆಯ ದ್ರವ ತಾಗಿದಾಗ ಇದೂ ಹಾಗೆಯೇ ಉಬ್ಬಿ ಲೋಳೆಯಾಗುತ್ತದೆ. ಅದರೊಳಗಿಂದ ಔಷಧಿ ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ದಿನಕ್ಕೆ ಒಂದೇ ಮಾತ್ರೆ ಸಾಕಾಗುವುದು ಇದರಿಂದಲೇ.

ಪುಡಿ ಮಾಡಿದಿರೋ, ದಿನವಿಡೀ ಸಿಗಬೇಕಾದ ಔಷಧಿ ಒಮ್ಮೆಲೇ ಬಿಡುಗಡೆಯಾಗುತ್ತದೆ. ಮೆಟ್‌ಫಾರ್ಮಿನ್ ಆದರೆ ಹೊಟ್ಟೆ ಕೆಡಬಹುದು. ಕೆಲವು ರಕ್ತದೊತ್ತಡದ ಮಾತ್ರೆಗಳಾದರೆ ಒತ್ತಡ ಥಟ್ಟನೆ ಇಳಿದು, ವಯಸ್ಸಾದವರು ತಲೆಸುತ್ತಿ ಬೀಳಬಹುದು.

ಇನ್ನೊಂದು ಮಾತು, ಹೇಳಲು ಸಂಕೋಚವಾದರೂ ತಿಳಿದಿರಲಿ. ಮಲದಲ್ಲಿ ಮೆತ್ತಗಿನ ಮಾತ್ರೆಯಂಥದ್ದು ಕಂಡರೆ ಗಾಬರಿಯಾಗಿ ಇನ್ನೊಂದು ಮಾತ್ರೆ ಕೊಡಬೇಡಿ. ಸಾಮಾನ್ಯವಾಗಿ ಅದು ಔಷಧಿ ಕೊಟ್ಟು ಮುಗಿಸಿದ ಖಾಲಿ ಲೋಳೆ.

ನುಂಗಲು ಆಗುವುದೇ ಇಲ್ಲವೆಂದರೆ ವೈದ್ಯರಿಗೆ ತಿಳಿಸಿ. ದಿನಕ್ಕೆ ಎರಡು ಮೂರು ಬಾರಿ ಕೊಡುವ ಸಾಮಾನ್ಯ ಮಾತ್ರೆಯನ್ನೋ ದ್ರವರೂಪದ ಔಷಧಿಯನ್ನೋ ಬರೆದುಕೊಟ್ಟಾರು. ಅಲ್ಲಿಯವರೆಗೆ ನೀವಾಗಿಯೇ ಔಷಧಿ ನಿಲ್ಲಿಸಬೇಡಿ. ಅರ್ಧ ಮಾಡಿ ಕೊಡುವುದಿದ್ದರೂ ಕೇಳಿಯೇ ಕೊಡಿ.