ಸೋಗಾನೆ ವಿಮಾನ: ಶಿಕಾರಿಪುರ, ಸೊರಬದವರಿಗೆ ಎಷ್ಟು ಟೈಮ್ ಉಳಿಯುತ್ತೆ?

ಶಿಕಾರಿಪುರ/ಸೊರಬ: ಶಿವಮೊಗ್ಗದ ಸೋಗಾನೆಯಿಂದ ಬೆಂಗಳೂರಿಗೆ ವಿಮಾನ ಶುರುವಾಗಿದ್ದು 2023ರ ಆಗಸ್ಟ್ 31ಕ್ಕೆ. ಆಕಾಶಮಾರ್ಗದಲ್ಲಿ ದೂರ ಸುಮಾರು 240 ಕಿ.ಮೀ. ಟಿಕೆಟ್‌ನಲ್ಲಿ ತೋರಿಸೋ ಸಮಯ ಒಂದೂಕಾಲು ಗಂಟೆ ಆಸುಪಾಸು. ರನ್‌ವೇಗೆ ಸಾಗೋದು, ಇಳಿಯೋ ಸರದಿಗೆ ಕಾಯೋದು ಎಲ್ಲಾ ಅದರಲ್ಲೇ ಸೇರಿದೆ.

ಆದರೆ ಲೆಕ್ಕ ಮನೆ ಬಾಗಿಲಿಂದ ಹಾಕಬೇಕು. ಶಿಕಾರಿಪುರದಿಂದ ಸೋಗಾನೆಗೆ ಅಂದಾಜು ಒಂದೂವರೆ ಗಂಟೆ. ವಿಮಾನ ಹೊರಡೋ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟ ಒಂದೂಕಾಲು. ದೇವನಹಳ್ಳಿಯಲ್ಲಿ ಇಳಿದು, ಬ್ಯಾಗ್ ತಗೊಂಡು ಮೆಜೆಸ್ಟಿಕ್ ಮುಟ್ಟೋಕೆ ಒಂದೂಮುಕ್ಕಾಲು. ಒಟ್ಟು ಆರು ಗಂಟೆ! ಸೊರಬದವರು ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ರಾತ್ರಿ ಬಸ್ಸಲ್ಲಿ ಮಲಗಿ ಹೋದರೂ ಏಳೆಂಟು ಗಂಟೆ ಅಷ್ಟೇ.

ಚಿಕ್ಕಪೇಟೆಯಿಂದ ಅಂಗಡಿಗೆ ಮಾಲು ತರೋರಿಗೆ ಇನ್ನೊಂದು ತೊಡಕು. ಮಾಮೂಲಿ ಟಿಕೆಟ್‌ಗೆ ಚೆಕ್-ಇನ್ ಲಗೇಜ್ 15 ಕೆ.ಜಿ. ಮಾತ್ರ, ಹೆಚ್ಚಾದರೆ ಬೇರೆ ದುಡ್ಡು. ಅವರಿಗೆ ಬಸ್ಸೇ ಸೈ.

ದೇವನಹಳ್ಳಿಯಿಂದಲೇ ದೆಹಲಿಗೋ ದುಬೈಗೋ ಮುಂದಿನ ವಿಮಾನ ಹಿಡಿಯೋರಿಗೆ ಮಾತ್ರ ಸೋಗಾನೆ ನಿಜವಾದ ಲಾಭ; ಬೆಂಗಳೂರು ಟ್ರಾಫಿಕ್ಕೇ ತಪ್ಪುತ್ತೆ. ಮಳೆ, ಮಂಜಿನ ದಿನ ವಿಮಾನ ತಡವಾಗೋದುಂಟು. ಹಾಗಾಗಿ ಎರಡು ವಿಮಾನದ ನಡುವೆ ನಾಲ್ಕೈದು ಗಂಟೆ ಬಿಟ್ಟುಕೊಂಡೇ ಟಿಕೆಟ್ ಮಾಡಿಸಿ.