ಯುದ್ಧವಾರ್ತೆಯೂ ಜನಭಾವವೂ: ಸರ್ಪದ್ವೀಪದ ಪ್ರಸಂಗ

ಯುದ್ಧದ ವಾರ್ತೆಯನ್ನು ಕೇಳಿ ಜನರು ಪಟ್ಟ ದುಃಖವನ್ನೂ ಕೋಪವನ್ನೂ ಇತಿಹಾಸಕಾರನು ಆಧಾರವಾಗಿ ಬಳಸಬಹುದೆ? ಬಳಸಬಹುದಾದರೆ ಯಾವ ಎಚ್ಚರಿಕೆಯಿಂದ? ಸಾಮಾಜಿಕ ಜಾಲತಾಣಗಳಲ್ಲಿ ಇಂಥ ಸಾಮಗ್ರಿ ರಾಶಿರಾಶಿಯಾಗಿ ದೊರೆಯುತ್ತಿರುವುದರಿಂದ ಈ ಪ್ರಶ್ನೆಯನ್ನು ಒಂದು ನಿದರ್ಶನದ ಮೂಲಕ ವಿಚಾರಿಸೋಣ.

2022ನೆಯ ಫೆಬ್ರವರಿ 24ರಂದು ರಷ್ಯವು ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿಯನ್ನಾರಂಭಿಸಿತು. ಕಪ್ಪು ಸಮುದ್ರದ ಸರ್ಪದ್ವೀಪವು ಅದೇ ದಿನ ರಷ್ಯದ ವಶವಾಯಿತು. ಶರಣಾಗಿರೆಂದು ಆಜ್ಞಾಪಿಸಿದ ಯುದ್ಧನೌಕೆಗೆ ಕಾವಲುಪಡೆಯವನೊಬ್ಬನು ರೇಡಿಯೋದಲ್ಲಿ ಬೈಗುಳದಿಂದಲೇ ಉತ್ತರವಿತ್ತನು. ಆ ಧ್ವನಿಮುದ್ರಣ ಬಹುಬೇಗ ಲೋಕವನ್ನೆಲ್ಲ ಸುತ್ತಿತು. ಕಾವಲಿನವರೆಲ್ಲರೂ ವೀರಮರಣವನ್ನೈದಿದರೆಂದೂ ಅವರಿಗೆ ಮರಣೋತ್ತರ ಗೌರವ ಸಲ್ಲುವುದೆಂದೂ ಅಧ್ಯಕ್ಷ ಜೆಲೆನ್‌ಸ್ಕಿಯವರೇ ಸಾರಿದರು. ಶೋಕ, ಅಭಿಮಾನ, ಆಕ್ರೋಶ ಮೂರೂ ಒಟ್ಟಿಗೆ ಉಕ್ಕಿದುವು. ಅವರು ಬದುಕಿರಬಹುದೆಂಬ ಮಾತು ನಡುವೆ ಹುಟ್ಟಿತು. 28ರಂದು ಉಕ್ರೇನಿನ ನೌಕಾಪಡೆಯೇ ಅವರು ಜೀವಂತರಾಗಿ ಸೆರೆಯಲ್ಲಿರುವರೆಂದು ದೃಢಪಡಿಸಿತು.

ಹಾಗಾದರೆ ಆ ನಾಲ್ಕು ದಿನಗಳ ಕಣ್ಣೀರು ಸುಳ್ಳೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ವಾರ್ತೆ ತಪ್ಪಾಗಿತ್ತು, ಶೋಕ ನಿಜವಾಗಿತ್ತು. ನಿಜಸ್ಥಿತಿ ತಿಳಿದ ಮೇಲೂ ಅಭಿಮಾನ ಇಳಿಯಲಿಲ್ಲ. ಏಪ್ರಿಲಿನಲ್ಲಿ ಈ ಪ್ರಸಂಗದ ಅಂಚೆಚೀಟಿ ಹೊರಬಂದಾಗ ಕೀವ್ ನಗರದಲ್ಲಿ ಜನರು ಸಾಲುಗಟ್ಟಿ ನಿಂತು ಕೊಂಡರು. ಆದುದರಿಂದ ಒಂದೊಂದು ಪ್ರತಿಕ್ರಿಯೆಯನ್ನೂ ಅದನ್ನು ಬರೆದ ಗಳಿಗೆಯಲ್ಲಿ ಜನರಿಗೆ ಏನು ತಿಳಿದಿತ್ತೆಂಬುದರ ಪಕ್ಕದಲ್ಲಿಟ್ಟು ಓದತಕ್ಕದ್ದು. 25ರ ವಿಲಾಪವೂ ಮಾರ್ಚ್ ತಿಂಗಳ ವಿಲಾಪವೂ ಒಂದೇ ಚಿತ್ರದ ಕೆಳಗಿದ್ದರೂ ಒಂದೇ ಅಲ್ಲ. ಮಾತುಗಳನ್ನು ನಕಲು ಮಾಡಿಕೊಂಡು ದಿನ, ವೇಳೆಗಳನ್ನು ಬಿಟ್ಟುಬಿಡುವ ವಿದ್ಯಾರ್ಥಿಗಳು ಹಲವರು. ಹಾಗೆ ಮಾಡಿದರೆ ಸಾಕ್ಷ್ಯದ ಅರ್ಧಭಾಗವೇ ಹೋದಂತೆ.

ಭಾವವನ್ನು ನಮ್ಮವರೆಗೆ ತಲುಪಿಸುವವರು ಯಾರೆಂಬುದು ಎರಡನೆಯ ವಿಚಾರ. ಇದೇ ಕಪ್ಪು ಸಮುದ್ರದ ತೀರದಲ್ಲಿ, ಕ್ರಿಮಿಯದ ಯುದ್ಧಕಾಲದಲ್ಲಿ, 1854ರ ಅಕ್ಟೋಬರ್ 25ರಂದು ಬಾಲಕ್ಲಾವ ಕದನ ನಡೆಯಿತು. ವಿಲಿಯಂ ಹೊವರ್ಡ್ ರಸೆಲ್ಲನ ವರದಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಅಚ್ಚಾದದ್ದು ನವೆಂಬರ್ 14ರಂದು. ಓದುಗರ ಪತ್ರಗಳಲ್ಲಿ ಸಂಪಾದಕನು ಆರಿಸಿದವು ಮಾತ್ರ ಬೆಳಕು ಕಂಡುವು. ಸಂಪಾದಕನ ಒಲವನ್ನು ಪರೀಕ್ಷಿಸುವುದು ನಮಗೆ ರೂಢಿಯಾಗಿದೆ. ಇಂದು ಆರಿಸುವುದು ಯಂತ್ರಗಣಿತ, ಅದಕ್ಕೂ ಒಲವುಂಟು. ಫೇಸ್‌ಬುಕ್ ಸಂಸ್ಥೆಯು 2016ರಲ್ಲಿ ‘ಲೈಕ್’ ಜೊತೆಗೆ ಪ್ರೀತಿ, ನಗು, ಬೆರಗು, ದುಃಖ, ಕೋಪಗಳ ಚಿಹ್ನೆಗಳನ್ನು ಸೇರಿಸಿತು. 2017ರಲ್ಲಿ ಇವಕ್ಕೆ ಲೈಕಿನ ಐದರಷ್ಟು ತೂಕ ಕೊಟ್ಟು, 2020ರಲ್ಲಿ ಕೋಪದ ತೂಕವನ್ನು ಸೊನ್ನೆಗಿಳಿಸಿತೆಂಬುದು 2021ರಲ್ಲಿ ಬಯಲಾದ ಅದರ ಒಳಗಿನ ಕಾಗದಪತ್ರಗಳಿಂದ ತಿಳಿಯಿತು. ಹೀಗಿರಲು 2018ರ ಕೋಪದ ಎಣಿಕೆಯನ್ನು 2022ರ ಎಣಿಕೆಯೊಡನೆ ನೇರವಾಗಿ ಹೋಲಿಸುವಂತಿಲ್ಲ. ಮೇಲಾಗಿ, ಆ ಕೆಂಪು ಮುಖದ ಕೋಪ ಶತ್ರುವಿನ ಮೇಲೋ, ವರದಿಗಾರನ ಮೇಲೋ, ಯುದ್ಧದ ಮೇಲೆಯೋ ಎಂಬುದನ್ನು ಅಂಕಿ ಹೇಳಲಾರದು; ಕೆಳಗೆ ಬರೆದ ಮಾತನ್ನು ಒಂದೊಂದಾಗಿ ಓದಿಯೇ ತಿಳಿಯಬೇಕು.