‘ನಿಮ್ಮ ಸರಕಾರ ಯಾಕೆ ಹೀಗೆ?’ ಎಂದು ಕೇಳುವ ಮುನ್ನ

ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗು ಬರುವ ದಿನ ನಮ್ಮ ನೆರೆಮನೆಯ ಹುಡುಗ ಸುಬಹ್ ನಮಾಝ್ ಮುಗಿಸಿದವನೇ ರಿಕ್ಷಾ ತೊಳೆದು ಹೊರಡುತ್ತಾನೆ. ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಮಾರುಕಟ್ಟೆ ಎಂದು ಒಂದು ಸುತ್ತು ಹಾಕಿಸಿ ಸಂಜೆಯೊಳಗೆ ಹಡಗಿಗೆ ಮುಟ್ಟಿಸಿದರೆ ಒಳ್ಳೆಯ ಬಾಡಿಗೆ. ಕಳೆದ ಸೀಸನ್‌ನಲ್ಲಿ ಒಂದು ದಿನ ವಯಸ್ಸಾದ ಗಂಡ–ಹೆಂಡತಿ ಅವನ ರಿಕ್ಷಾ ಹತ್ತಿದರು. ಊರು ಯಾವುದೆಂದು ಕೇಳಿದ. ಅಮೆರಿಕ ಎಂದರು. ಕನ್ನಡಿಯಲ್ಲಿ ಅವರನ್ನೇ ನೋಡುತ್ತಾ, ತನಗೆ ಬರುವ ಇಂಗ್ಲಿಷ್‌ನಲ್ಲಿ ಕೇಳಿಯೇ ಬಿಟ್ಟ: ‘ಗಾಝಾದ ಮಕ್ಕಳ ಮೇಲೆ ಹಾಕ್ಲಿಕ್ಕೆ ನೀವು ಯಾಕೆ ಬಾಂಬ್ ಕೊಡ್ತೀರಿ?’

ಅಜ್ಜಿಯ ಮುಖ ಸಣ್ಣದಾಯಿತಂತೆ. ಅಜ್ಜ ರಸ್ತೆ ನೋಡುತ್ತಾ ಕೂತರು. ಅಲ್ಲಿಂದ ಬಂದರಿನವರೆಗೆ ಮೂವರೂ ಮಾತಾಡಲಿಲ್ಲ. ಹೇಳಿದ ಬಾಡಿಗೆ ಕೊಟ್ಟು, ತಲೆ ತಗ್ಗಿಸಿ ಇಳಿದು ಹೋದರು.

ರಾತ್ರಿ ಮನೆಯಲ್ಲಿ ಇದನ್ನು ಅವನು ಹೆಮ್ಮೆಯಿಂದಲೇ ಹೇಳಿದ. ‘ಸರಿಯಾಗಿ ಕೇಳಿದೆ ಉಮ್ಮ, ಒಬ್ಬರಿಗೂ ಬಾಯಿ ಇಲ್ಲ.’ ಪತ್ತಿರ್ ತಟ್ಟುತ್ತಿದ್ದ ಉಮ್ಮ ತಲೆಯೆತ್ತದೆ ಹೇಳಿದರು: ‘ನಿನ್ನ ಬಾಪನಿಗೂ ರೈಲಿನಲ್ಲಿ ಬಾಯಿ ಇರಲಿಲ್ಲ ಮೋನು.’

ಬಾಪನ ಕಥೆ ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. 2025ರ ಎಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯ ಹತ್ಯೆಯಾದ ಬಳಿಕದ ದಿನಗಳು. ಬೆಂಗಳೂರಿನಿಂದ ಊರಿಗೆ ಬರುತ್ತಿದ್ದರು. ಎದುರು ಸೀಟಿನವರು ಮೊದಲು ಊರು ಕೇಳಿದರು, ವ್ಯಾಪಾರ ಕೇಳಿದರು, ಮಕ್ಕಳೆಷ್ಟು ಎಂದು ಕೇಳಿದರು. ಕಿತ್ತಳೆ ಸುಲಿದು ಎರಡು ತೊಳೆ ಕೈಗಿಟ್ಟರು. ಆಮೇಲೆ, ‘ಅಲ್ಲ ಸಾಯ್ಬ್ರೆ, ನಿಮ್ಮೋರು ಯಾಕೆ ಹಿಂಗ್ ಮಾಡ್ತಾರೆ?’ ಎಂದರು. ಪಕ್ಕದವರೆಲ್ಲ ತಿರುಗಿ ನೋಡಿದರು. ಆ ಹತ್ಯೆಯ ಸುದ್ದಿ ಕೇಳಿ ಎರಡು ದಿನ ಸರಿಯಾಗಿ ಊಟ ಮಾಡದವರು ಬಾಪ. ಪ್ರವಾಸಿಗರನ್ನು ಉಳಿಸಲು ಹೋಗಿ ಸತ್ತ ಕುದುರೆ ಸವಾರಿಯ ಯುವಕನೂ ಮುಸ್ಲಿಮನೇ ಎಂದು ಹೇಳಬಹುದಿತ್ತು. ಹೇಳಲಿಲ್ಲ. ‘ನಾನು ಅಂಥವನಲ್ಲ ಎಂದು ಅಪರಿಚಿತರಿಗೆ ಸಾಬೀತು ಮಾಡುವ ಹೊತ್ತಿಗೇ ಅರ್ಧ ತಪ್ಪು ಒಪ್ಪಿಕೊಂಡ ಹಾಗೆ ಆಗ್ತದೆ’ ಎನ್ನುವುದು ಅವರ ಮಾತು. ತಿನ್ನದ ಆ ಎರಡು ತೊಳೆ ಕರವಸ್ತ್ರದಲ್ಲಿ ಸುತ್ತಿಕೊಂಡೇ ಊರಿಗೆ ಬಂದವು.

ಎರಡೂ ಪ್ರಶ್ನೆ ಒಂದೇ ಥರ ಕಾಣುತ್ತವೆ. ಆದರೆ ಪೂರ್ತಿ ಒಂದೇ ಅಲ್ಲ. ಗಡಿಯಾಚೆಯ ಯಾವ ಕೃತ್ಯಕ್ಕೂ ಕರಾವಳಿಯ ಬ್ಯಾರಿಗೂ ಸಂಬಂಧವಿಲ್ಲ. ಅಲ್ಲಿ ಅವನಿಗೆ ಮತವಿಲ್ಲ, ತೆರಿಗೆಯಿಲ್ಲ, ಮಾತಿಲ್ಲ. ಹೆಸರು ನೋಡಿ ಹೊರಿಸಿದ ಹೊರೆ ಅದು. ಅಮೆರಿಕದ ಪ್ರಜೆಯ ಮಾತು ಬೇರೆ. 2016ರ ಒಪ್ಪಂದದಂತೆ 2019ರಿಂದ 2028ರವರೆಗೆ ಇಸ್ರೇಲಿಗೆ ಅಮೆರಿಕ ಕೊಡಲೊಪ್ಪಿದ ಸೇನಾ ನೆರವು 38 ಬಿಲಿಯನ್ ಡಾಲರ್. ಅದು ಅಲ್ಲಿನ ತೆರಿಗೆದಾರರ ಹಣ, ಅಲ್ಲಿನ ಮತದಾರರು ಆರಿಸಿದವರ ತೀರ್ಮಾನ. ಹುಡುಗನ ಸಿಟ್ಟಿಗೆ ಕಾರಣವಿಲ್ಲ ಎನ್ನುವ ಹಾಗಿಲ್ಲ.

ಹಾಗಾದರೆ ಸರಕಾರ ಮಾಡಿದ್ದಕ್ಕೆ ಪ್ರಜೆ ಎಷ್ಟು ಹೊಣೆ?

ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ಪ್ರತಿ ಮನೆಯ ಮುಂದೆ ಈ ಪ್ರಶ್ನೆ ನಿಂತಿತ್ತು. ಕಾರ್ಲ್ ಯಾಸ್ಪರ್ಸ್ ಎಂಬ ತತ್ತ್ವಶಾಸ್ತ್ರಜ್ಞ ಅದನ್ನು ಬಿಡಿಸಿ ನೋಡಿದರು. ಹೆಂಡತಿ ಯಹೂದಿಯೆಂಬ ಕಾರಣಕ್ಕೆ ನಾಝಿಗಳು 1937ರಲ್ಲಿ ಅವರ ಪ್ರಾಧ್ಯಾಪಕ ಹುದ್ದೆ ಕಿತ್ತುಕೊಂಡಿದ್ದರು. ಅಪರಾಧ ಮಾಡಿದವನೇ ಅಪರಾಧಿ, ಅವನ ಜಾಗ ನ್ಯಾಯಾಲಯ ಎಂದರು ಅವರು. ಆದರೆ ತನ್ನ ಸರಕಾರ ಮಾಡಿದ್ದರ ಪರಿಣಾಮವನ್ನು ಹೊರುವ ರಾಜಕೀಯ ಹೊಣೆ ಎಲ್ಲ ಪ್ರಜೆಗಳಿಗೂ ಇದೆ. ‘ನಾನು ಏನು ಮಾಡಬಹುದಿತ್ತು, ಯಾಕೆ ಸುಮ್ಮನಿದ್ದೆ’ ಎಂಬುದು ಮನಸ್ಸಾಕ್ಷಿಯ ಲೆಕ್ಕ. ಅದನ್ನು ಅವನವನೇ ನೋಡಿಕೊಳ್ಳಬೇಕು. ಅಂದರೆ ಹೊಣೆ ಬೇರೆ, ಅಪರಾಧ ಬೇರೆ. ಎರಡನ್ನೂ ಕಲಸಿದಾಗಲೇ ಅನ್ಯಾಯ ಶುರುವಾಗುವುದು.

ಅಂಥ ಅನ್ಯಾಯಕ್ಕೆ ದೂರ ಹುಡುಕಬೇಕಾಗಿಲ್ಲ. 1942ರಿಂದ ಅಮೆರಿಕ ತನ್ನದೇ ನೆಲದ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡುವ ಕಾನೂನು ಬಂದದ್ದು 1988ರಲ್ಲಿ. 1962ರ ಚೀನಾ ಯುದ್ಧದ ವೇಳೆ ನಮ್ಮ ದೇಶವೂ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನಿ ಮೂಲದವರನ್ನು ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಒಯ್ದಿತು. ಇನ್ನೂ ಹತ್ತಿರದ್ದು ನಮ್ಮ ಊರಿನದೇ. ಟಿಪ್ಪು ಸುಲ್ತಾನರ ಕಾಲದಲ್ಲಿ, 1784ರಲ್ಲಿ, ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ಯಾಥೊಲಿಕ್ ಕುಟುಂಬಗಳನ್ನು ಹೆಂಗಸರು–ಮಕ್ಕಳೆನ್ನದೆ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಲಾಯಿತು. ಟಿಪ್ಪುವಿನ ಹೋರಾಟವನ್ನು ಗೌರವಿಸುವ ನಾವು ಇದನ್ನೂ ಮುಚ್ಚಿಡದೆ ಹೇಳಬೇಕು. ಕೆಲವರು ಮಾಡಿದ್ದಕ್ಕೆ ಇಡೀ ಸಮುದಾಯವನ್ನು ಶಿಕ್ಷಿಸುವುದು ಯಾರು ಮಾಡಿದರೂ ಅದೇ ಕೆಲಸ. 1949ರ ನಾಲ್ಕನೇ ಜಿನೀವಾ ಒಪ್ಪಂದದ 33ನೇ ವಿಧಿ ಇಂಥ ಸಾಮೂಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಗಾಝಾದ ಬಗ್ಗೆ ನಾವು ಎತ್ತುವ ದೂರಿನ ಬುಡವೂ ಇದೇ ಅಲ್ವಾ?

ನಮಗಂತೂ ಇದು ಹೊಸ ಪಾಠವಲ್ಲ. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರಲಾರ ಎಂಬ ವಿಷಯ ಕುರ್‌ಆನಿನಲ್ಲಿ ಐದು ಕಡೆ ಬರುತ್ತದೆ. ಯೂಸುಫ್ (ಅ) ಅವರ ಕಥೆ ಮದ್ರಸದ ಮಕ್ಕಳಿಗೂ ಗೊತ್ತು. ಕಿರಿಯ ತಮ್ಮನ ಬದಲು ನಮ್ಮಲ್ಲೊಬ್ಬನನ್ನು ಹಿಡಿದುಕೊಳ್ಳಿ ಎಂದು ಅಣ್ಣಂದಿರು ಬೇಡಿದಾಗ, ಪಾತ್ರೆ ಯಾರ ಬಳಿ ಸಿಕ್ಕಿತೋ ಅವನನ್ನು ಬಿಟ್ಟು ಬೇರೆಯವರನ್ನು ಹಿಡಿಯುವುದು ಅನ್ಯಾಯವೆಂದು ಅವರು ನಿರಾಕರಿಸಿದರು. ಹಾಗೆಂದು ‘ನಾಯಕರು ಹೇಳಿದರು, ನಾವು ಹಿಂಬಾಲಿಸಿದೆವು’ ಎಂಬ ನೆಪಕ್ಕೂ ಅಲ್ಲಿ ಬಿಡುಗಡೆಯಿಲ್ಲ. ಕೆಡುಕನ್ನು ಕಂಡರೆ ಕೈಯಿಂದ, ಆಗದಿದ್ದರೆ ಮಾತಿನಿಂದ, ಅದೂ ಆಗದಿದ್ದರೆ ಮನಸ್ಸಿನಿಂದ ವಿರೋಧಿಸಿ ಎಂಬ ಹದೀಸ್ ನಾವೆಲ್ಲ ಕೇಳಿದ್ದೇವೆ. ಶಕ್ತಿ ಇದ್ದಷ್ಟು ಹೊಣೆ ಎಂಬ ಅಳತೆ ಅದರಲ್ಲೇ ಉಂಟು. ಮತ ಹಾಕುವವನ ಹೊಣೆ, ಮತವೇ ಇಲ್ಲದ ದೇಶದವನ ಹೊಣೆ, ಸೇನೆಯ ಆಳ್ವಿಕೆಯಲ್ಲಿ ಬೆಳೆದವನ ಹೊಣೆ ಒಂದೇ ತೂಕದ್ದಲ್ಲ. ದುಬೈಯಲ್ಲಿ ಪಾಕಿಸ್ತಾನಿ ಟ್ಯಾಕ್ಸಿ ಚಾಲಕನೊಡನೆ ಜಗಳಕ್ಕೆ ಇಳಿಯುವ ನಮ್ಮ ಹುಡುಗರೂ ಇದನ್ನು ನೆನಪಿಡಬೇಕು.

ಆ ಅಜ್ಜ–ಅಜ್ಜಿ ಯಾವ ಸಾಲಿನವರೋ ಯಾರಿಗೆ ಗೊತ್ತು? ವಿಯೆಟ್ನಾಂ ಯುದ್ಧಕ್ಕೆ ಬರುವುದಿಲ್ಲ ಎಂದು 1967ರಲ್ಲಿ ಸೇನೆ ಸೇರಲು ನಿರಾಕರಿಸಿ, ಬಾಕ್ಸಿಂಗ್ ಪಟ್ಟ ಕಳೆದುಕೊಂಡು, ಮೂರು ವರ್ಷಕ್ಕೂ ಹೆಚ್ಚು ಕಾಲ ರಿಂಗ್‌ನಿಂದ ಹೊರಗುಳಿದ ಮುಹಮ್ಮದ್ ಅಲಿ ಅಮೆರಿಕದ ಪ್ರಜೆ. 2003ರ ಮಾರ್ಚ್ 16ರಂದು ರಫಾದಲ್ಲಿ ಫೆಲೆಸ್ತೀನೀಯರ ಮನೆ ಉಳಿಸಲು ಇಸ್ರೇಲಿ ಬುಲ್ಡೋಝರ್ ಮುಂದೆ ನಿಂತು ಪ್ರಾಣ ಕಳೆದುಕೊಂಡ 23 ವರ್ಷದ ರೇಚಲ್ ಕೋರಿಯೂ ಅಮೆರಿಕದವಳೇ. ರಿಕ್ಷಾದಲ್ಲಿದ್ದವರು ಮೆರವಣಿಗೆಯಲ್ಲಿ ಹೋದವರೋ, ಬಾಂಬಿಗೆ ಜೈ ಎಂದವರೋ, ಏನೂ ಯೋಚಿಸದವರೋ! ಹುಡುಗನ ಪ್ರಶ್ನೆಯಲ್ಲೇ ತೀರ್ಪು ಇದ್ದುದರಿಂದ ಉತ್ತರ ಬರಲಿಲ್ಲ. ಚಲಿಸುವ ರಿಕ್ಷಾದಲ್ಲಿ, ಪರವೂರಿನಲ್ಲಿ, ಎದ್ದು ಹೋಗಲೂ ಆಗದ ಜಾಗದಲ್ಲಿ ಯಾರಾದರೂ ಏನು ಹೇಳಿಯಾರು? ಅನ್ಯಾಯ ಮಾಡುವ ದೊರೆಯ ಮುಂದೆ ನ್ಯಾಯದ ಮಾತಾಡುವುದನ್ನು ಪ್ರವಾದಿ (ಸ) ದೊಡ್ಡ ಜಿಹಾದ್ ಎಂದರು. ದೊರೆಯ ಮುಂದೆ ಎಂಬುದನ್ನು ಗಮನಿಸಬೇಕು. ಬಾಡಿಗೆ ಕೊಟ್ಟು ಕೂತ ಮುದುಕರ ಮುಂದೆ ಎಂದಲ್ಲ.

ಇನ್ನು ನಮ್ಮದೇ ಹೊಣೆಯ ಮಾತು. ನಾವೂ ಪ್ರಜೆಗಳು. ನಮ್ಮ ಹೆಸರಿನಲ್ಲಿ ನಡೆಯುವ ಸರಕಾರ ಬೇರೊಂದು ಊರಿನ ಬಡವರ ಗುಡಿಸಲು ಕೆಡವಿದಾಗ, ನಮ್ಮವರಲ್ಲದವರನ್ನು ವಿಚಾರಣೆಯಿಲ್ಲದೆ ಜೈಲಿನಲ್ಲಿಟ್ಟಾಗ ನಾವು ಎಷ್ಟು ಮಂದಿ ಬಾಯಿ ತೆರೆದಿದ್ದೇವೆ? ಮತಪಟ್ಟಿಯಲ್ಲಿ ಹೆಸರು ಉಂಟಾ ಎಂದು ನೋಡದವರು, ಮತದಾನದ ದಿನ ಮದುವೆ ಊಟಕ್ಕೆ ಹೋದವರು, ಶಾಸಕರು ಮನೆಗೆ ಬಂದಾಗ ಸೆಲ್ಫಿ ಮಾತ್ರ ತೆಗೆದುಕೊಂಡವರು ನಮ್ಮಲ್ಲೂ ಇದ್ದಾರೆ. ಅಮೆರಿಕದವರಿಗೆ ಹಿಡಿಯುವ ಕನ್ನಡಿಯಲ್ಲಿ ನಮ್ಮ ಮುಖವನ್ನೂ ನೋಡಿಕೊಳ್ಳಬೇಕಾಗುತ್ತದೆ. ಅರ್ಜಿ, ಮಾಹಿತಿ ಹಕ್ಕು, ಗ್ರಾಮಸಭೆ, ಶಾಂತಿಯುತ ಪ್ರತಿಭಟನೆ, ಮತ — ಇವೆಲ್ಲ ಆ ಪ್ರಶ್ನೆಗೆ ಇರುವ ಸರಿಯಾದ ಜಾಗಗಳು.

ಹಾಗಾದರೆ ರೈಲಿನಲ್ಲಿ, ಬಸ್ಸಿನಲ್ಲಿ ಯಾರಾದರೂ ‘ನಿಮ್ಮೋರು ಯಾಕೆ ಹೀಗೆ’ ಎಂದರೆ? ಎಲ್ಲರೂ ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ತಿಳಿಯುವ ಆಸೆಯಿಂದ ಕೇಳಿದವರಿಗೆ ಸಮಾಧಾನದಿಂದ ಹೇಳೋಣ. ಚುಚ್ಚಲಿಕ್ಕೆಂದೇ ಕೇಳಿದವರಿಗೆ ‘ನಿಮಗಾದಷ್ಟೇ ಬೇಸರ ನನಗೂ ಆಗಿದೆ, ಈಗ ಆ ವಿಷಯ ಬೇಡ’ ಎಂದರೆ ಸಾಕು. ಉತ್ತರ ಕೊಡದಿರುವುದು ಸೋಲಲ್ಲ. ಒಬ್ಬಳೇ ಪ್ರಯಾಣಿಸುವ ಕಾಲೇಜು ಹುಡುಗಿಗೆ ಸ್ಕಾರ್ಫ್ ನೋಡಿ ಕುಟುಂಬದ, ಧರ್ಮದ ಪ್ರಶ್ನೆ ಹಾಕುವವರಿದ್ದಾರೆ. ಸೀಟು ಬದಲಿಸು, ಕಂಡಕ್ಟರಿಗೆ ಹೇಳು, ಯಾರಿಗೂ ವಿವರಣೆ ಕೊಡಬೇಕಾಗಿಲ್ಲ ಎಂದು ಅವಳಿಗೆ ಮನೆಯಲ್ಲೇ ಹೇಳಿಕೊಡಬೇಕು.

ನೆರೆಮನೆಯ ಹುಡುಗ ಈಗಲೂ ಹಡಗಿನ ಬಾಡಿಗೆಗೆ ಹೋಗುತ್ತಾನೆ. ಮೊನ್ನೆ ಸಿಕ್ಕಿದಾಗ ಕೇಳಿದೆ, ಈಗ ಏನು ಮಾತಾಡ್ತಿ ಎಂದು. ‘ಊರು ಕೇಳ್ತೇನೆ, ಮೊಮ್ಮಕ್ಕಳೆಷ್ಟು ಅಂತ ಕೇಳ್ತೇನೆ, ಬೊಂಡ ಕುಡಿಸ್ತೇನೆ. ಗಾಝಾದ ವಿಷಯ ಅವರಾಗಿ ತೆಗೆದ್ರೆ ಮಾತ್ರ ನನಗೆ ಅನ್ನಿಸಿದ್ದು ಹೇಳ್ತೇನೆ, ಅದನ್ನು ಬಿಡ್ಲಿಕ್ಕಿಲ್ಲ’ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಅಜ್ಜಿಗೆ ಸಾರಿ ಹೇಳ್ಬೇಕಿತ್ತು. ಹಡಗು ಹೋಗಿ ಆಯ್ತಲ್ಲ’ ಎಂದು ರಿಕ್ಷಾ ಸ್ಟಾರ್ಟ್ ಮಾಡಿದ.